ವಿನ್ನಿ ಟ್ಯಾನ್ಸಿಯ ಮಗಳು

ಡೆಲಿಯಾ ಟ್ಯಾನ್ಸಿಯ ಮುಖಕ್ಕೆ ಮೊದಲ ಸಲ ಸುಕ್ಕು ಬರೆದವಳು ನಾನು. ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಎಪ್ಪತ್ತರ ಅಜ್ಜಿಯ ಪಾತ್ರ ಮಾಡಬೇಕಾಗಿದ್ದ ಹಿರಿಯ ನಟಿಗೆ ಗಂಟಲು ಕಟ್ಟಿ ದನಿಯೇ ಹೊರಡದಂತಾಗಿತ್ತು. ಅದೇ ನಾಟಕದಲ್ಲಿ ಡೆಲಿಯಾ ಟೀ ತಟ್ಟೆ ಹಿಡಿದು ಬಂದು ಹೋಗುವ ಕೆಲಸದವಳು. ನಮ್ಮ ಥಿಯೇಟರಿನ ಡೈರೆಕ್ಟರ್ ಮಿಸ್ಟರ್ ಲೆನಿಹನ್ ಅವಳನ್ನು ಕರೆದು, ಅಜ್ಜಿಯ ಮಾತು ಬಾಯಿಗೆ ಬರುತ್ತದೆಯೇ ಎಂದು ಕೇಳಿದರು. ಎಲ್ಲರ ಮಾತೂ ಬರುತ್ತದೆ ಎಂದಳು. ಅವತ್ತು ನಾಟಕ ನೋಡಿದವರು ಅವಳು ಹುಡುಗಿ ಎಂದರೆ ನಂಬಲಿಲ್ಲ. ಅಲ್ಲಿಂದ ಮುಂದೆ ಅವಳಿಗೆ ಹುಡುಗಿಯ ಪಾತ್ರ ಯಾರೂ ಕೊಡಲೂ ಇಲ್ಲ.

ನಾನು ಫಿಲೊಮಿನಾ ಡೀಗ್ನನ್. ಆ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ಪ್ರಾಂಪ್ಟರ್ ಆಗಿದ್ದೆ. ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು ಕೂತು, ಯಾರಾದರೂ ಮಾತು ಮರೆತರೆ ಪಿಸುದನಿಯಲ್ಲಿ ಎತ್ತಿಕೊಡುವ ಕೆಲಸ. ಆಟಕ್ಕೆ ಮುಂಚೆ ನಟರ ಮುಖಕ್ಕೆ ಬಣ್ಣ ಹಚ್ಚುವುದೂ ನನ್ನದೇ. ಡೆಲಿಯಾ ಮತ್ತು ನಾನು ಸ್ಲೈಗೋ ಸೀಮೆಯ ಒಂದೇ ಊರಿನವರು. ಡಬ್ಲಿನ್ನಿನ ಫಿಬ್ಸ್‌ಬರೋದಲ್ಲಿ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಇದ್ದವರು. ಅವಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಅವಳ ತಾಯಿಯ ಬಗ್ಗೆ ಯಾರೂ ಬರೆದಿಲ್ಲ. ತಾಯಿಯನ್ನು ಬಿಟ್ಟು ಡೆಲಿಯಾಳ ಕತೆ ಹೇಳಿದರೆ ಅದು ಅರ್ಧ ಕತೆ.

ತಾಯಿ ವಿನ್ನಿ ಟ್ಯಾನ್ಸಿ. ಕಲ್ಲು ತುಂಬಿದ ಎಂಟು ಎಕರೆ, ಒಂದು ಹಸು, ಮೂವತ್ತು ನಲವತ್ತು ಕೋಳಿ. ಗಂಡ ಪ್ರತಿ ವರ್ಷ ಆಲೂಗೆಡ್ಡೆ ಕೀಳುವ ಕೂಲಿಗೆ ಸ್ಕಾಟ್ಲೆಂಡಿಗೆ ಹೋಗುತ್ತಿದ್ದವನು. ಡೆಲಿಯಾಳಿಗೆ ಒಂಬತ್ತು ವರ್ಷವಾಗಿದ್ದಾಗ ಅಲ್ಲಿಯೇ ಯಾವುದೋ ಜ್ವರ ಬಂದು ಸತ್ತ. ಟೆಲಿಗ್ರಾಂ ತಂದ ಪಾದ್ರಿಗಳು ಅದನ್ನು ಓದಿ ಹೇಳಿ, ಮುಂದೆ ಮಕ್ಕಳಿಬ್ಬರನ್ನು ಹೇಗೆ ಸಾಕುತ್ತೀಯಮ್ಮ ಎಂದು ಕೇಳಿದರಂತೆ. ವಿನ್ನಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ದೇವ್ರಿದಾನೆ ಫಾದರ್. ಕೋಳೀನೂ ಇದಾವೆ," ಅಂದಳು. ಹಾಗೇ ಆಯಿತು. ಆ ಕೋಳಿಗಳೇ ಡೆಲಿಯಾಳನ್ನೂ ಅವಳ ತಮ್ಮ ಮೈಕೆಲ್ ಜಾನ್‌ನನ್ನೂ ಬೆಳೆಸಿದವು. ಆಮೇಲೆ ಏನೇ ಕಷ್ಟ ಬಂದರೂ, ಹುಲ್ಲು ಕೊಳೆತರೂ, ಹಸು ಕರು ಹಾಕದಿದ್ದರೂ ಅವಳು ಅದೇ ಮಾತು ಹೇಳುತ್ತಿದ್ದಳು.

ಅವಳದು ಒಂದಿಷ್ಟು ವಿಚಿತ್ರ ಅಭ್ಯಾಸಗಳು. ಮುಂದಿನ ಎರಡು ಹಲ್ಲು ಇರಲಿಲ್ಲವಾದ್ದರಿಂದ ಅಂಗೈ ಬಾಯಿಗೆ ಅಡ್ಡ ಹಿಡಿದೇ ಮಾತಾಡುವಳು, ನಗುವಾಗ ಎರಡೂ ಕೈ. ಬುಟ್ಟಿಗೆ ಇಡುವ ಮುಂಚೆ ಒಂದೊಂದು ಮೊಟ್ಟೆಯನ್ನೂ ಕೆನ್ನೆಗೆ ಒತ್ತಿ, ಬಿಸಿ ಇದೆಯೇ ತಣ್ಣಗಿದೆಯೇ ನೋಡುವಳು. ಶಿಲುಬೆಯ ಗುರುತು ಹಾಕಿಕೊಂಡರೆ ನೊಣ ಓಡಿಸಿದ ಹಾಗೆ ಇರುತ್ತಿತ್ತು, ಅಷ್ಟು ಅವಸರ. ಊರಿನವರಿಗೆ ಇದೆಲ್ಲ ಕಣ್ಣಿಗೆ ಬೀಳುವಂಥದ್ದೇ ಆಗಿರಲಿಲ್ಲ. ವಿನ್ನಿ ಇರುವುದೇ ಹಾಗೆ.

ಡೆಲಿಯಾಳ ಕಣ್ಣಿಗೆ ಮಾತ್ರ ಬಿತ್ತು. ಚಿಕ್ಕಂದಿನಿಂದ ಅವಳಿಗೆ ಯಾರನ್ನು ನೋಡಿದರೂ ಮೈಯಲ್ಲಿ ಇಳಿಸಿಕೊಳ್ಳುವ ಗುಣ. ಊರೂರು ತಿರುಗುವ ನಾಟಕದವರು ನಮ್ಮೂರಿನ ಹಾಲ್‌ನಲ್ಲಿ ಒಂದು ವಾರ ಆಡಿಹೋದ ಮೇಲೆ ಶಾಲೆಯ ಬಯಲಲ್ಲಿ ಇಡೀ ನಾಟಕವನ್ನು ಒಬ್ಬಳೇ ಆಡಿ ತೋರಿಸಿದ್ದಳು. ಹತ್ತೊಂಬತ್ತಕ್ಕೆ ಡಬ್ಲಿನ್ನಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿ ಹೋದಳು. ಮೂರು ವರ್ಷ ಲೇಸು ಅಳೆದು ಕೊಡುತ್ತಲೇ ನಾಟಕದ ತರಗತಿಗೆ ಸೇರಿ, ಕಡೆಗೆ ನಮ್ಮ ಥಿಯೇಟರಿಗೆ ಬಂದಳು. ವಿನ್ನಿ ಬೇಡ ಅನ್ನಲಿಲ್ಲ. ಭಾನುವಾರ ಚರ್ಚಿನ ಹೊರಗೆ ಯಾರೋ ಹೆಂಗಸು, ಮಗಳು ಮುಖಕ್ಕೆ ಬಣ್ಣ ಬಳಿದುಕೊಂಡು ನಿಲ್ಲುತ್ತಾಳಂತಲ್ಲ ಎಂದು ಚುಚ್ಚಿದಾಗ, "ನಿಮ್ಮನೆ ಗೋಡೆಗೂ ಬಳೀತೀರಲ್ಲ, ಮಳೆ ತಡ್ಯುತ್ತೆ," ಅಂದಿದ್ದಳಂತೆ.

ಫಿಬ್ಸ್‌ಬರೋದ ಆ ಕೋಣೆಯಲ್ಲಿ ಯುದ್ಧದ ವರ್ಷಗಳಲ್ಲಿ ಟೀ ಸೊಪ್ಪು ಕೂಡ ಅಳೆದು ಸಿಗುತ್ತಿತ್ತು. ಒಂದೇ ಸೊಪ್ಪನ್ನು ಮೂರು ಸಲ ಕುದಿಸಿ ಕುಡಿದು, ಊರು ನೆನಪಾಗಿ ನಾನು ಮಂಕಾಗಿ ಕೂತರೆ, ಡೆಲಿಯಾ ತಲೆಗೆ ಸ್ಕಾರ್ಫ್ ಕಟ್ಟಿ ತನ್ನ ತಾಯಿಯಾಗಿಬಿಡುತ್ತಿದ್ದಳು. ಒಂದು ಆಲೂಗೆಡ್ಡೆಯನ್ನು ಕೆನ್ನೆಗೆ ಒತ್ತಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ಅಲ್ಲಿಲ್ಲದ ಕೋಳಿಗಳಿಗೆಲ್ಲ ಬುದ್ಧಿ ಹೇಳುವಳು. ನಾನು ಹಾಸಿಗೆಯ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದೆ. ಅವಳು ಅದನ್ನು ಹೊರಗೆ ಎಲ್ಲೂ ಮಾಡುತ್ತಿರಲಿಲ್ಲ. ರಂಗದ ಮೇಲೆ ಹತ್ತು ವರ್ಷದಲ್ಲಿ ಇಪ್ಪತ್ತೋ ಮೂವತ್ತೋ ಮುದುಕಿಯರ ಪಾತ್ರ ಮಾಡಿದ್ದಳು. ಅವರಲ್ಲಿ ಯಾರೊಬ್ಬರೂ ವಿನ್ನಿ ಆಗಿರಲಿಲ್ಲ. ಅದನ್ನು ನಾನು ಆಗ ಗಮನಿಸಿದ್ದಿದ್ದರೆ!

ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಲಂಡನ್ನಿನಿಂದ ಒಬ್ಬ ಸಿನಿಮಾ ಡೈರೆಕ್ಟರ್ ಬಂದ. ಬಾಡಿಗೆಗೆ ಕೋಣೆ ಕೊಡುವ ಐರಿಷ್ ಮುದುಕಿಯೊಬ್ಬಳ ಪಾತ್ರಕ್ಕೆ ನಟಿ ಬೇಕಾಗಿತ್ತು. ಪಾತ್ರದ ಹೆಸರು ಮಿಸೆಸ್ ಹೆಗಾರ್ಟಿ. ಮಿಸ್ಟರ್ ಲೆನಿಹನ್ ಡೆಲಿಯಾಳನ್ನು ತೋರಿಸಿದರು. ಬಣ್ಣದ ಕೋಣೆಯಲ್ಲಿ ಮಧ್ಯಾಹ್ನದ ಟೀ ಹೊತ್ತು. ಅವನು ಕೊಟ್ಟ ಹಾಳೆಯನ್ನು ಡೆಲಿಯಾ ಒಪ್ಪವಾಗಿ ಓದಿದಳು. ಆ ಮನುಷ್ಯ ಮರ್ಯಾದೆಗೆ ತಲೆಯಾಡಿಸುತ್ತ ಗಡಿಯಾರ ನೋಡಿಕೊಂಡ. ಬಂದ ಅದೃಷ್ಟ ಬಾಗಿಲಿಂದ ಹೊರಟುಹೋಗುತ್ತಿದೆ ಎಂದು ನನಗೆ ಅನ್ನಿಸಿತು.

"ನಿಮ್ಮಮ್ಮನ್ನ ಮಾಡೇ," ಅಂದೆ ನಾನು.

ಡೆಲಿಯಾ ನನ್ನನ್ನು ನೋಡಿದಳು. ಆ ನೋಟ ನನಗೆ ಈಗಲೂ ಕಣ್ಣ ಮುಂದಿದೆ. ಬೇಡ ಅನ್ನುವಂತೆಯೂ ಇತ್ತು, ಆಗಲಿ ಅನ್ನುವಂತೆಯೂ ಇತ್ತು. ಆಮೇಲೆ ಅವಳು ತಟ್ಟೆಯಲ್ಲಿದ್ದ ಬ್ರೆಡ್ಡಿನ ಉಂಡೆಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಐದು ನಿಮಿಷದಲ್ಲಿ ಆ ಮನುಷ್ಯನ ಪ್ಯಾಂಟಿನ ಮೇಲೆ ಟೀ ಚೆಲ್ಲಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಇನ್ನೂ ಏನೇನು ಹೇಳುತ್ತಾಳೆ ನಿಮ್ಮ ಈ ಹೆಂಗಸು ಎಂದು ಕೇಳಿದ. ಡೆಲಿಯಾ ಹೇಳಿದಳು. ಅವನು ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ.

ಚಿತ್ರ ಮರುವರ್ಷ ಬಂತು. ನಾಯಕ ನಾಯಕಿಯರ ಹೆಸರು ಈಗ ಯಾರಿಗೂ ನೆನಪಿಲ್ಲ. ಮಿಸೆಸ್ ಹೆಗಾರ್ಟಿ ಮಾತ್ರ ಲಂಡನ್ನಿನಲ್ಲೂ, ಗ್ಲಾಸ್ಗೋದಲ್ಲೂ, ಕಡಲಾಚೆ ಬಾಸ್ಟನ್ನಿನಲ್ಲೂ ಮನೆಮಾತಾದಳು. ಡೆಲಿಯಾ ತಾಯಿಗೆ ಕಾಗದ ಬರೆದಳು. ಲಂಡನ್ನಿನಿಂದ ಒಂದು ನೀಲಿ ಕೋಟು ಕಳಿಸಿದಳು. ಚಿತ್ರದಲ್ಲಿ ಸ್ವಲ್ಪ ತಮಾಷೆ ಇದೆ, ಬೇಜಾರು ಮಾಡಿಕೊಳ್ಳಬೇಡ ಎಂದಷ್ಟೇ ಬರೆದಿದ್ದಳು. ಯಾವ ತಮಾಷೆ ಎಂದು ಬರೆಯಲಿಲ್ಲ.

ನಮ್ಮೂರಲ್ಲಿ ಸಿನಿಮಾ ಮಂದಿರ ಇದ್ದದ್ದು ಪ್ಯಾಕಿ ಗಿಲ್‌ಹೂಲಿಯದು. ಪಕ್ಕದಲ್ಲೇ ಅವನ ಮೊಳೆ, ಸಲಿಕೆ, ಬಣ್ಣದ ಅಂಗಡಿ. ಎರಡು ವಾರ ಮುಂಚೆಯೇ ಬಾಗಿಲಿಗೆ 'ನಮ್ಮೂರ ಡೆಲಿಯಾ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದ. ಥಿಯೇಟರಿಗೆ ಬೇಸಗೆ ರಜೆಯಾದ್ದರಿಂದ ನಾನು ಊರಲ್ಲಿದ್ದೆ. ಡೆಲಿಯಾ ಮುಂದಿನ ಚಿತ್ರಕ್ಕೆಂದು ಲಂಡನ್ನಿನಲ್ಲಿದ್ದಳು. ಭಾನುವಾರ ಮೂರು ಗಂಟೆಯ ಆಟಕ್ಕೆ ನೀನು ಪಕ್ಕದಲ್ಲಿ ಕೂತರೆ ನನಗೆ ಧೈರ್ಯ ಎಂದು ವಿನ್ನಿ ಹೇಳಿಕಳಿಸಿದಳು. ಹೋದೆ. ನೀಲಿ ಕೋಟು ಹಾಕಿಕೊಂಡು ಬಂದಿದ್ದಳು. ಗಿಲ್‌ಹೂಲಿ ನಮ್ಮಿಬ್ಬರನ್ನೂ ಮಹಡಿಯ ಮುಂದಿನ ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿದ.

ತೆರೆಯ ಮೇಲೆ ಮಗಳ ಮುಖ ಬಂದಾಗ ವಿನ್ನಿ ನನ್ನ ತೋಳು ಹಿಡಿದು, "ನೋಡೇ, ಎಷ್ಟು ಮುದುಕಿ ಮಾಡ್ಬಿಟ್ಟಿದಾರೆ ಕೂಸನ್ನ," ಎಂದು ಕೈ ಅಡ್ಡ ಹಿಡಿದು ನಕ್ಕಳು. ತೆರೆಯ ಮೇಲೆ ಮಿಸೆಸ್ ಹೆಗಾರ್ಟಿಯೂ ಕೈ ಅಡ್ಡ ಹಿಡಿದು ನಕ್ಕಳು. ಕೆಳಗೆ ಯಾರೋ ಕಿಸಕ್ಕೆಂದರು. ಮೊಟ್ಟೆ ಕೆನ್ನೆಗೆ ಬಂದಾಗ ಇಡೀ ಮಂದಿರ ಗೊಳ್ಳೆಂದಿತು. ಕೆಳಗಿನ ಸಾಲುಗಳಲ್ಲಿ ಒಂದೊಂದೇ ತಲೆ ಹಿಂದಕ್ಕೆ ತಿರುಗಿ ಮಹಡಿಯತ್ತ ನೋಡತೊಡಗಿತು. ವಿನ್ನಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ ಅನ್ನಿಸುತ್ತದೆ. ಆಮೇಲೆ ಬಾಡಿಗೆದಾರ ಯುವಕನಿಗೆ ಕೆಲಸ ಹೋಯಿತೆಂದು ಟೆಲಿಗ್ರಾಂ ಬರುವ ದೃಶ್ಯ. ಮಿಸೆಸ್ ಹೆಗಾರ್ಟಿ ಬಾಗಿಲ ಚೌಕಟ್ಟು ಹಿಡಿದು ನಿಂತು, ನೊಣ ಓಡಿಸಿದ ಹಾಗೆ ಶಿಲುಬೆ ಹಾಕಿಕೊಂಡು, ದೇವರಿದ್ದಾನೆ, ಕೋಳಿಗಳೂ ಇದ್ದಾವೆ ಅಂದಳು. ನಮ್ಮೂರಿನ ಜನ ಬೆಂಚು ಬಡಿದು ನಕ್ಕರು. ನಮ್ಮ ಪಾದ್ರಿಗಳೂ ನಕ್ಕರು.

ಬಾಯಿಗೆ ಅಡ್ಡ ಇದ್ದ ವಿನ್ನಿಯ ಕೈ ನಿಧಾನವಾಗಿ ಕೆಳಗಿಳಿಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು. ಚಿತ್ರ ಮುಗಿಯುವವರೆಗೂ ಅಲುಗಾಡಲಿಲ್ಲ.

ಹೊರಗೆ ಗಿಲ್‌ಹೂಲಿ ಅವಳ ಕೈ ಕುಲುಕಿ, ಇಂಥ ಮಗಳನ್ನು ಪಡೆದದ್ದಕ್ಕೆ ಹೆಮ್ಮೆಪಡಬೇಕು ಎಂದ. ಚೆನ್ನಾಗಿ ಮಾಡಿದ್ದಾಳೆ ಎಂದಳು ವಿನ್ನಿ. ತುಟಿ ಬಿಗಿದೇ ಹೇಳಿದಳು. ಮನೆಗೆ ಎರಡು ಮೈಲಿ ನಡೆದು ಹೋಗಬೇಕು. ಅವರ ಮನೆಯ ಓಣಿ ತಿರುಗುವಲ್ಲಿ ನಿಂತು ಹೇಳಿದಳು:

"ಆ ಮಾತು ನಾನು ಯಾರಾದ್ರೂ ನಗ್ಲಿ ಅಂತ ಆಡಿದ್ದಲ್ಲ, ಫಿಲೊಮಿನಾ. ಅವ್ಳಿಗೆ ಗೊತ್ತಿತ್ತು. ಅವತ್ತು ನನ್ ಲಂಗ ಹಿಡ್ಕೊಂಡು ಅಲ್ಲೇ ನಿಂತಿದ್ಲು."

ನಾನೇ ಮಾಡಿಸಿದ್ದು ಎಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಒಳಗೆ ಬಂದು ಟೀ ಕುಡಿದು ಹೋಗು ಎಂದು ಅವಳು ಕರೆಯದೆ ಇದ್ದದ್ದು ಅದೇ ಮೊದಲು.

ನಮ್ಮೂರಿನವರು ಕೆಟ್ಟವರೇನಲ್ಲ. ಆದರೆ ನಗುವುದಕ್ಕೆ ಒಂದು ವಿಷಯ ಸಿಕ್ಕರೆ ಬೇಗ ಬಿಡುವವರೂ ಅಲ್ಲ. ಮೊಟ್ಟೆ ಕೊಳ್ಳುವ ಅಂಗಡಿಯವನು ಬುಟ್ಟಿ ಇಳಿಸಿಕೊಳ್ಳುವಾಗ, "ಏನ್ ಮಿಸೆಸ್ ಹೆಗಾರ್ಟಿ, ಮೊಟ್ಟೆ ಏನಂತು ಇವತ್ತು?" ಎನ್ನುತ್ತಿದ್ದ. ಶಾಲೆ ಬಿಟ್ಟ ಹುಡುಗಿಯರು ದುಂಡು ಕಲ್ಲನ್ನು ಕೆನ್ನೆಗೆ ಹಿಡಿದು ಅವಳ ಹಿಂದೆ ನಡೆಯುತ್ತಿದ್ದರು. ಅವಳು ಯಾರಿಗೂ ಎದುರು ಹೇಳಲಿಲ್ಲ. ಸೆಪ್ಟೆಂಬರ್ ಕಡೆಯಲ್ಲಿ ಕೋಳಿಗಳನ್ನೆಲ್ಲ ಬುಟ್ಟಿಗೆ ತುಂಬಿಸಿ, ಮೈಕೆಲ್ ಜಾನ್‌ನ ಕೈಯಲ್ಲಿ ನೆರೆಮನೆಗೆ ಕಳಿಸಿಬಿಟ್ಟಳು. ವಯಸ್ಸಾಯಿತು, ಸಾಕುವುದು ಕಷ್ಟ ಎಂದಳಂತೆ. ಅವಳಿಗೆ ಆಗ ಐವತ್ತೆಂಟು.

ಡೆಲಿಯಾಳಿಗೆ ಇದೆಲ್ಲ ಗೊತ್ತಾದದ್ದು ಕ್ರಿಸ್ಮಸ್ಸಿಗೆ ಊರಿಗೆ ಹೋದಾಗ. ಕೋಳಿಗೂಡಿನ ಬಾಗಿಲು ತೆರೆದೇ ಇತ್ತು, ಒಳಗೆ ಮೈಕೆಲ್ ಜಾನ್‌ನ ಸೈಕಲ್ಲು. ತಾಯಿ ಬಾಗಿಲಿಗೆ ಬಂದು ಮಗಳಿಗೆ ಮುತ್ತಿಟ್ಟು ಒಳಗೆ ಕರೆದಳು. ಹಂದಿಮಾಂಸ ಬೇಯಿಸಿದ್ದಳು, ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಮಾಡಿದ್ದಳು. ಯಾವುದರಲ್ಲೂ ಕೊರತೆಯಿಲ್ಲ. ಆದರೆ ಕೆಲಸ ಮುಗಿದ ಕೂಡಲೇ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ಒಂದರೊಳಗೊಂದು ಹೆಣೆದು ಮಡಿಲಲ್ಲಿ ಇಟ್ಟುಕೊಂಡಳು. ಕೇಳಿದ್ದಕ್ಕೆ ಹೌದು, ಇಲ್ಲ. ಮನೆಗೆ ಬಂದ ಅತಿಥಿಯ ಮುಂದೆ ಕೂತ ಹಾಗೆ. ನಾಲ್ಕು ದಿನವೂ ಹೀಗೇ. ಮಗಳು ನೀರು ತರಲು ಹೋದಾಗ ಒಳಗಿನಿಂದ ತಾಯಿ ಮತ್ತು ತಮ್ಮ ಗಟ್ಟಿಯಾಗಿ ನಗುವುದು ಕೇಳಿಸಿತಂತೆ. ಬಕೆಟ್ಟು ಹಿಡಿದು ಇವಳು ಒಳಗೆ ಬಂದಳು, ನಗು ನಿಂತಿತು.

ಆ ಮೇಲಿನ ಆರು ವರ್ಷದಲ್ಲಿ ಡೆಲಿಯಾ ಒಂಬತ್ತು ಚಿತ್ರ ಮಾಡಿದಳು. ಒಮ್ಮೆ ಕ್ಯಾಲಿಫೋರ್ನಿಯಾಕ್ಕೂ ಹೋಗಿ ನಾಲ್ಕು ತಿಂಗಳು ಇದ್ದು ಬಂದಳು. ಎಲ್ಲ ಕಡೆ ಅದೇ ಮುದುಕಿ. ಒಂದರಲ್ಲಿ ಅಡುಗೆಯವಳು, ಇನ್ನೊಂದರಲ್ಲಿ ದಾದಿ. ಆ ಕೈಯ ಆಟ ಬೇಡ, ಆ ಮಾತು ಬೇಡ, ಬೇರೆ ಥರ ಮಾಡುತ್ತೇನೆ ಎಂದು ಮೊದಲೆರಡು ಸಲ ಕೇಳಿದ್ದಳಂತೆ. ನಿಮ್ಮನ್ನು ಕರೆಸಿರುವುದೇ ಅದಕ್ಕೆ ಎಂದರಂತೆ. ಆಮೇಲೆ ಕೇಳುವುದನ್ನು ಬಿಟ್ಟಳು. ಒಂದು ಸಲ ನಾನು, ಹಾಗಾದರೆ ಬಿಟ್ಟು ಬಾರೇ, ಇಲ್ಲಿ ಥಿಯೇಟರ್ ಇದೆಯಲ್ಲ ಎಂದೆ. ಅವಳು ಬಿಡಲಿಲ್ಲ. ಜನ ಬೀದಿಯಲ್ಲಿ ಗುರುತು ಹಿಡಿದು ಕರೆಯುವುದು ಅವಳಿಗೆ ಇಷ್ಟವಾಗುತ್ತಿತ್ತು. ಗೆಳತಿ ಎಂದು ಅದನ್ನು ಮುಚ್ಚಿಡಲಾರೆ.

ಐವತ್ತೈದರ ಬೇಸಗೆಯಲ್ಲಿ ನಾವಿಬ್ಬರೂ ಒಟ್ಟಿಗೆ ಊರಿಗೆ ಹೋಗಿದ್ದೆವು. ವಾಪಸು ಬರುವಾಗ ರೈಲು ಮಲಿಂಗಾರ್ ಸ್ಟೇಷನ್ ದಾಟುವವರೆಗೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ಹೇಳಿದಳು. ಹಿಂದಿನ ದಿನ ತಾಯಿಯ ಮುಂದೆ ಮೊಣಕಾಲೂರಿ ಕ್ಷಮಿಸು ಎಂದು ಕೇಳಿದಳಂತೆ. ತಾಯಿ ಅವಳನ್ನು ಎಬ್ಬಿಸಿ ಕೂರಿಸಿದಳಂತೆ.

"ಏನಂದ್ರು?" ಅಂದೆ.

"ನಿನ್ ಮೇಲೆ ನಂಗ್ಯಾವ ಕೋಪಾನೂ ಇಲ್ಲ ಮಗಾ ಅಂದ್ಲು. ನೀನು ನನ್ನ ನೋಡ್ತಾ ಕೂತ್ರೆ, ನಾನು ಹೆಂಗಿರ್ತಿದ್ದೆ ಅನ್ನೋದೇ ನಂಗೆ ಮರ್ತೋಗುತ್ತೆ ಅಂದ್ಲು."

ಇದನ್ನು ಅವಳು ತಾಯಿಯ ದನಿಯಲ್ಲಿ ಹೇಳಲಿಲ್ಲ. ತನ್ನ ದನಿಯಲ್ಲೇ ಹೇಳಿದಳು. ಎದುರಿನ ಸೀಟಿನಲ್ಲಿದ್ದ ಹೆಂಗಸು ಅವಳನ್ನು ಗುರುತಿಸಿ, ಸಿನಿಮಾದ ಮಾತು ಒಂದು ಹೇಳಿ ಎಂದು ಕೇಳಿದಳು. ಡೆಲಿಯಾ ನಗುನಗುತ್ತ ಹೇಳಿದಳು. ನನಗೆ ಎದ್ದು ಬೇರೆ ಡಬ್ಬಿಗೆ ಹೋಗಬೇಕೆನ್ನಿಸಿತು.

ವಿನ್ನಿ ಅರವತ್ತೊಂದರ ನವೆಂಬರಿನಲ್ಲಿ ತೀರಿಕೊಂಡಳು. ಡೆಲಿಯಾ ಲಂಡನ್ನಿನಲ್ಲಿ ಚಿತ್ರೀಕರಣದಲ್ಲಿದ್ದಳು. ಮೈಕೆಲ್ ಜಾನ್ ಮೂರು ದಿನ ಮುಂಚೆ ಟೆಲಿಗ್ರಾಂ ಕಳಿಸಿದ್ದ. ಒಂದೇ ಒಂದು ದೃಶ್ಯ ಉಳಿದಿದೆ, ಮುಗಿಸಿ ಹೊರಡಿ ಎಂದರಂತೆ ಅಲ್ಲಿಯವರು. ಮುಗಿಸಿ ಹೊರಟಳು. ಹಡಗು ಇಳಿದು, ರೈಲು ಹತ್ತಿ ಅವಳು ಬರುವಷ್ಟರಲ್ಲಿ ಮಣ್ಣಾಗಿತ್ತು. ಕಡೆಯ ದಿನಗಳಲ್ಲಿ ತಾಯಿ ಬಹಳ ಮಾತಾಡುತ್ತಿದ್ದಳು, ಹಳೆಯ ಕತೆಗಳನ್ನೆಲ್ಲ ಹೇಳಿ ನಮ್ಮನ್ನು ನಗಿಸುತ್ತಿದ್ದಳು ಎಂದು ಮೈಕೆಲ್ ಜಾನ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅಕ್ಕನಿಗೆ ಸಮಾಧಾನವಾಗಲಿ ಎಂದುಕೊಂಡಿದ್ದನೇನೋ.

ಮರುವರ್ಷ ಡೆಲಿಯಾ ಸಿನಿಮಾ ಬಿಟ್ಟಳು. ಕರೆ ಬಂದರೂ ಹೋಗಲಿಲ್ಲ. ಮಿಸ್ಟರ್ ಲೆನಿಹನ್ ಆಗ ವಯಸ್ಸಾದವರು. ಹೊಸ ನಾಟಕವೊಂದನ್ನು ಕೈಗೆತ್ತಿಕೊಂಡಿದ್ದರು. ಮಗನೊಬ್ಬ ಮಾಡಿದ ಅನ್ಯಾಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಬಾಯಿ ಬಿಟ್ಟು ಹೇಳದೆ ಅವನೊಡನೆ ಒಂದೇ ಮನೆಯಲ್ಲಿ ಬದುಕುವ ತಾಯಿಯ ಪಾತ್ರ. ಡೆಲಿಯಾಳನ್ನು ಕೇಳಿದರು. ಅವಳಿಗೆ ಆಗ ನಲವತ್ತೆಂಟು. ಮೊದಲ ಸಲ ಅವಳ ವಯಸ್ಸಿಗೆ ಹತ್ತಿರದ ಪಾತ್ರ, ಸುಕ್ಕು ಬರೆಯುವ ಕೆಲಸ ನನಗೆ ಹೆಚ್ಚಿರಲಿಲ್ಲ. ಜನ ಮಿಸೆಸ್ ಹೆಗಾರ್ಟಿಯನ್ನು ನೋಡಲು ಬಂದರು. ಪರದೆ ಎದ್ದ ಕೂಡಲೇ ಕೆಲವರು ನಗಲು ಶುರುಮಾಡಿದರು. ಹತ್ತು ನಿಮಿಷದಲ್ಲಿ ಸದ್ದಡಗಿತು. ಅವಳು ಕುರ್ಚಿಯಲ್ಲಿ ಕೂತಿದ್ದಳು, ಎರಡು ಕೈ ಮಡಿಲಲ್ಲಿ. ಮಗ ಒಳಗೆ ಬರುತ್ತಿದ್ದ ಹಾಗೆ ಬೆರಳುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತಿದ್ದವು. ಅಷ್ಟೇ. ಪುಸ್ತಕ ಹಿಡಿದ ನನಗೆ ಸಾಲು ಕಾಣದಂತಾಯಿತು. ಅವತ್ತು ಯಾರಾದರೂ ಮಾತು ಮರೆತಿದ್ದರೆ ನನ್ನಿಂದ ಎತ್ತಿಕೊಡಲಾಗುತ್ತಿರಲಿಲ್ಲ.

ಪತ್ರಿಕೆಗಳು ಹೊಗಳಿದವು. ಇಷ್ಟು ಕಡಿಮೆ ಮಾಡಿ ಇಷ್ಟು ಹೇಳುವ ನಟಿ ನಮ್ಮಲ್ಲಿ ಇದ್ದಾಳೆಂದು ಗೊತ್ತಿರಲಿಲ್ಲ ಎಂದು ಬರೆದರು. ಶನಿವಾರ ಮಧ್ಯಾಹ್ನದ ಆಟ ಮುಗಿದ ಮೇಲೆ ಅದನ್ನು ಅವಳಿಗೆ ಓದಿ ಹೇಳಿದೆ. ಅವಳು ಕನ್ನಡಿಯ ಮುಂದೆ ಮುಖಕ್ಕೆ ಕ್ರೀಮು ತಿಕ್ಕುತ್ತಿದ್ದಳು.

"ಇದೂ ಅಮ್ಮಂದೇ, ಫಿಲ್," ಅಂದಳು. "ನನ್ನಿಂದ ಬಚ್ಚಿಟ್ಕೊಳೋಕೆ ಅಂತ ಕೂತಿದ್ಲಲ್ಲ, ಅದನ್ನೂ ಬಿಡ್ಲಿಲ್ಲ ನಾನು."

ಆರು ವಾರದ ಆಟವನ್ನು ಒಂದು ದಿನವೂ ತಪ್ಪದೆ ಮುಗಿಸಿದಳು. ಒಂದು ದಿನಕ್ಕಿಂತ ಒಂದು ದಿನ ಚೆನ್ನಾಗಿತ್ತು. ನಾಟಕವನ್ನು ಲಂಡನ್ನಿಗೆ ಕೊಂಡೊಯ್ಯುವ ಮಾತು ಬಂದಾಗ, ಬೇಡ ಎಂದು ಮಿಸ್ಟರ್ ಲೆನಿಹನ್ನರಿಗೆ ಎರಡು ಸಾಲು ಬರೆದು ಕಳಿಸಿ ರಂಗವನ್ನೂ ಬಿಟ್ಟಳು. ಬ್ರೇ ಊರಿನಲ್ಲಿ ಸಮುದ್ರದ ಕಡೆಗೆ ಎರಡು ಕೋಣೆಯ ಮನೆ ಹಿಡಿದಳು. ಮದುವೆ ಆಗಿರಲಿಲ್ಲ. ನಾಟಕ ಕಲಿಸಿಕೊಡಿ ಎಂದು ಹುಡುಗಿಯರು ಬಂದರೆ ಟೀ ಕೊಟ್ಟು ಕಳಿಸುತ್ತಿದ್ದಳು. ವಾರಕ್ಕೆರಡು ದಿನ ಕುರುಡರ ಆಶ್ರಮಕ್ಕೆ ಹೋಗಿ ಪತ್ರಿಕೆ ಓದಿ ಹೇಳುತ್ತಿದ್ದಳು. ಅಲ್ಲಿ ಯಾವ ದನಿಯನ್ನೂ ಮಾಡದೆ ಸುಮ್ಮನೆ ಓದುವುದು ಎಂದರೆ ಎಷ್ಟು ಹಗುರ ಗೊತ್ತಾ ಎಂದು ನನಗೊಮ್ಮೆ ಹೇಳಿದಳು.

ಎಪ್ಪತ್ತೇಳರಲ್ಲಿ, ಅವಳಿಗೆ ಹೃದಯದ ತೊಂದರೆ ಶುರುವಾದ ಮೇಲೆ, ನಾನು ಒಂದು ವಾರ ಅವಳ ಜೊತೆ ಇದ್ದೆ. ಆಗ ಧೈರ್ಯ ಮಾಡಿ ಆ ಟೀ ಹೊತ್ತಿನ ಮಾತು ತೆಗೆದೆ. ನಾನು ಬಾಯಿ ಹಾಕದೆ ಇದ್ದಿದ್ದರೆ ನಿನಗೂ ನಿಮ್ಮಮ್ಮನಿಗೂ ಹೀಗಾಗುತ್ತಿರಲಿಲ್ಲ ಎಂದೆ. ಇಪ್ಪತ್ತೊಂಬತ್ತು ವರ್ಷ ಹೇಳದೆ ಇಟ್ಟುಕೊಂಡ ಮಾತು. ಅವಳು ಆಲೂಗೆಡ್ಡೆ ಸಿಪ್ಪೆ ಸುಲಿಯುತ್ತಿದ್ದಳು.

"ನೀನು ಮಾಡು ಅಂದೆ, ಅಷ್ಟೇ. ಮಾಡ್ದೋಳು ನಾನು," ಅಂದಳು. ಇನ್ನೊಂದು ಆಲೂಗೆಡ್ಡೆ ಕೈಗೆತ್ತಿಕೊಂಡು, "ನೀನು ಹೇಳ್ದೆ ಇದ್ದಿದ್ರೂ ಇನ್ನೊಂದ್ ನಿಮಿಷದಲ್ಲಿ ನಾನೇ ಮಾಡ್ತಿದ್ದೆ. ಅದೇ ಕಣೇ ನಂಗೆ ಹೆದ್ರಿಕೆ," ಎಂದಳು.

ಅದರಿಂದ ನನ್ನ ಭಾರ ಕಡಿಮೆಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಎರಡು ವರ್ಷದ ಮೇಲೆ ಹೋದಳು. ಮನೆತನದ ಸಮಾಧಿಯಲ್ಲಿ ತಾಯಿಯ ಪಕ್ಕ ಜಾಗವಿತ್ತು. ಮೈಕೆಲ್ ಜಾನ್ ಅದನ್ನೇ ತೋಡಿಸುವುದೆಂದು ಇದ್ದ. ಆದರೆ ಡಬ್ಲಿನ್ನಿನ ಡೀನ್ಸ್‌ಗ್ರೇಂಜ್ ಸ್ಮಶಾನದಲ್ಲೇ ಹೂಳಬೇಕೆಂದು ಅವಳು ವಕೀಲರ ಹತ್ತಿರ ಬರೆಸಿಟ್ಟಿದ್ದಳು. ಕಾರಣ ಬರೆಸಿರಲಿಲ್ಲ. ಊರಿನವರು, ದೊಡ್ಡವಳಾದ ಮೇಲೆ ನಮ್ಮ ಮಣ್ಣು ಬೇಡವಾಯಿತು ಎಂದು ಆಡಿಕೊಂಡರು. ಮೈಕೆಲ್ ಜಾನ್‌ನೂ ಹಾಗೆಯೇ ತಿಳಿದು ನೊಂದುಕೊಂಡ. ಹಾಗಲ್ಲಪ್ಪ, ಅಲ್ಲಾದರೂ ತಾಯಿ ತನ್ನ ಕಣ್ಣು ಬೀಳದೆ ಇರಲಿ ಎಂದೇ ಅವಳು ದೂರ ಉಳಿದದ್ದು ಎಂದು ಅವನಿಗೆ ಒಂದು ಕಾಗದ ಬರೆಯಲು ಕೂತೆ. ಮೂರು ಸಲ ಬರೆದು ಹರಿದೆ. ಅವನೂ ಈಗಿಲ್ಲ.